ಕೆಲಸವಿಲ್ಲದ ಕಬ್ಬಿಣ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗವಿಲ್ಲ. ಗಾದೆ ಹೀಗಲ್ಲ ಎಂದು ನೀವು ಹೇಳುತ್ತೀರಿ, ಗೊತ್ತು. ಆದರೆ ನಮ್ಮ ಕಡೆ ಅದು ನಡೆಯುವುದು ಹೀಗೆಯೇ. ಯಾರದಾದರೂ ಮನೆಯಲ್ಲಿ ಮಗು ಕಾಯಿಲೆ ಬಿದ್ದು ಮಲಗಿತೆಂದರೆ ಮಾತು ಬಲ್ಲವರೆಲ್ಲ ವೈದ್ಯರಾಗುತ್ತಾರೆ. ಕಟ್ಟೆಯ ಮೇಲೆ ಕುಳಿತವರು ಒಂದು ಔಷಧ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಇನ್ನೊಂದು, ಮೊಬೈಲು ಮೂರನೆಯದು. ಮಲಗಿದ ಮಗುವಿಗೆ ಮಾತ್ರ ಮಾತಿನ ಸರದಿ ಬರುವುದೇ ಇಲ್ಲ. ಈಗ ಹೇಳುವುದು ನಡೆದದ್ದು ನಡೆದ ಹಾಗೆಯೇ. ಇದರಲ್ಲಿ ಕೆಟ್ಟವರು ಒಬ್ಬರೂ ಇಲ್ಲ. ಅದಕ್ಕೇ ಕೇಳುವಾಗ ಸ್ವಲ್ಪ ಭಯವಾಗುತ್ತದೆ.

ಯಲಬುರ್ಗಾದಿಂದ ಇಟಗಿಯ ಕಡೆಗೆ ಹೊರಟ ಬಸ್ಸು ಎರೆಹೊಲಗಳ ನಡುವೆ ಅರ್ಧ ತಾಸು ಓಡಿದರೆ ನಮ್ಮ ಊರು. ಬಸ್ಸು ನಿಲ್ಲುವಲ್ಲೇ, ಬೇವಿನ ಮರದ ಕೆಳಗೆ, ಮಕ್ಬುಲಸಾಬರ ಕುಲುಮೆ. ಅರವತ್ತೈದು ದಾಟಿದ ಮನುಷ್ಯ. ಕುಂಟೆಯ ಅಲಗಾದ ಕುಡವಿರಲಿ, ಕೊಡಲಿ ಇರಲಿ, ಮೊಂಡಾದದ್ದು ಅವರ ಕೈಗೆ ಬಂದರೆ ಹರಿತವಾಗಿಯೇ ಹೋಗಬೇಕು. ಮಗ ವಾಹೀದ ಮಗ್ಗುಲಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಸೊಸೆ ಶಾಯಿಸ್ತಾ ಕುಷ್ಟಗಿಯ ಕಡೆಯವಳು. ಮೊಮ್ಮಗಳು ಮುಬಾಶಿರಾಗೆ ಒಂಬತ್ತು ವರ್ಷ.

ಸುತ್ತಲಿನ ಹಳ್ಳಿಗಳಿಗೆ ಮಕ್ಬುಲಸಾಬರು ಹೆಚ್ಚು ಗೊತ್ತಿದ್ದದ್ದು ಇನ್ನೊಂದು ಕಾರಣಕ್ಕೆ. ಅವರ ತಂದೆಯ ಕಾಲದಿಂದ ಆ ಕುಲುಮೆಯಲ್ಲಿ ಕಬ್ಬಿಣದ ನೀರು ಕೊಡುತ್ತಿದ್ದರು. ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ತುಂಡನ್ನು ಬಿಸ್ಮಿಲ್ಲಾ ಎಂದು ತಂಬಿಗೆ ನೀರಿನಲ್ಲಿ ಅದ್ದುವುದು. ಚುಂಯ್ ಎಂದು ಉಬ್ಬಿದ ನೀರು ಆರಿದ ಮೇಲೆ ಬಿಳಿಚಿದ ಮಕ್ಕಳಿಗೆ ಕುಡಿಸುವುದು. ರಕ್ತ ಕಡಿಮೆ ಇದ್ದ ಮಗುವಿಗೆ ಕಬ್ಬಿಣದ ಬಲ ಬರುತ್ತದೆ ಎಂಬ ನಂಬಿಕೆ. ಗುರುವಾರ ಬಂತೆಂದರೆ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡ ತಾಯಂದಿರು ಬೇವಿನ ನೆರಳಿನಲ್ಲಿ ಕಾಯುತ್ತಿದ್ದರು. ಮಕ್ಬುಲಸಾಬರು ಕಬ್ಬಿಣ ಕಾಸುತ್ತಿದ್ದರೇ ಹೊರತು ಯಾರಿಂದಲೂ ಕಾಸು ಮುಟ್ಟುತ್ತಿರಲಿಲ್ಲ.

ಹೀಗೆ ಊರಿನ ಮಕ್ಕಳಿಗೆಲ್ಲ ಬಲ ಹಂಚುವ ಮನೆಯಲ್ಲೇ ಮುಬಾಶಿರಾ ಹುಟ್ಟಿದ್ದಳು. ಹನ್ನೊಂದು ತಿಂಗಳಿಗೆ ಅವಳ ತುಟಿ ಬೆಳ್ಳಗಾಯಿತು, ಹೊಟ್ಟೆ ಉಬ್ಬಿತು. ಕೊಪ್ಪಳದ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ಮಾಡಿ ಥಲಸ್ಸೀಮಿಯಾ ಎಂದರು. ಹೆಸರಿನಲ್ಲಿ ತಲೆಯೂ ಇದೆ, ಸೀಮೆಯೂ ಇದೆ. ರೋಗ ಇರುವುದು ರಕ್ತದಲ್ಲಿ. ತಂದೆಯ ರಕ್ತದಲ್ಲಿ ಅರ್ಧ ದೋಷ, ತಾಯಿಯ ರಕ್ತದಲ್ಲಿ ಅರ್ಧ ದೋಷ. ಇಬ್ಬರಿಗೂ ಏನೂ ಗೊತ್ತಾಗುವುದಿಲ್ಲ, ಇಬ್ಬರೂ ಗಟ್ಟಿಯಾಗಿಯೇ ಇರುತ್ತಾರೆ. ಎರಡೂ ಅರ್ಧ ಕೂಡಿ ಮಗುವಿಗೆ ಬಂದರೆ ಅದರ ಮೈ ತನ್ನ ರಕ್ತವನ್ನು ತಾನು ಸರಿಯಾಗಿ ತಯಾರಿಸಲಾರದು.

ಆವತ್ತಿನಿಂದ ಮೂರು ವಾರಕ್ಕೊಮ್ಮೆ ಶಾಯಿಸ್ತಾ ಮಗಳನ್ನು ಕರೆದುಕೊಂಡು ಕೊಪ್ಪಳದ ಬಸ್ಸು ಹತ್ತುತ್ತಾಳೆ, ರಕ್ತ ಏರಿಸಿಕೊಂಡು ಬರುತ್ತಾಳೆ. ಮರುದಿನ ಹುಡುಗಿ ಕುಣಿಯುತ್ತಾಳೆ. ಎರಡನೆಯ ವಾರ ಓಡುವ ಬದಲು ನಡೆಯುತ್ತಾಳೆ. ಮೂರನೆಯ ವಾರ ಕುಲುಮೆಯ ಕಂಬಕ್ಕೆ ಒರಗಿ ಕುಳಿತು ಅಜ್ಜನ ಸುತ್ತಿಗೆ ನೋಡುತ್ತಾಳೆ, ಅಷ್ಟೇ.

ಅವಳಿಗೆ ಆರು ತುಂಬುವುದರೊಳಗೆ ವೈದ್ಯರು ಇನ್ನೊಂದು ಔಷಧ ಸೇರಿಸಿದ್ದರು. ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಗಾಜಿನ ಲೋಟದ ನೀರಿನಲ್ಲಿ ಗುಳಿಗೆ ಕದಡಿ ಕುಡಿಯಬೇಕು, ಅರ್ಧ ತಾಸು ಏನೂ ತಿನ್ನಬಾರದು. ಮೈಯಲ್ಲಿ ಹೆಚ್ಚಾದ ಕಬ್ಬಿಣ ಇಳಿಸುವ ಗುಳಿಗೆ ಎಂದು ಶಾಯಿಸ್ತಾ ಮನೆಯಲ್ಲಿ ಹೇಳಿದಾಗ ಮಕ್ಬುಲಸಾಬರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

"ಕಬ್ಬಿಣ ಇಳಸ್ತಾರಂತ? ಮಂದಿ ಹಾಕ್ರಿ ಅಂತ ನನ್ನ ಕುಲುಮಿಗೆ ಬರ್ತಾರ. ಇವ್ರು ತಗೀತೀವಿ ಅಂತಾರ, ಹ್ಞಾಂ. ಕಬ್ಬಿಣ ತಗದಮ್ಯಾಲೆ ಕೂಸಿನ ಮೈಯಾಗ ಉಳ್ಯೂದೇನು, ಬೂದಿ?"

ಸೊಸೆ ಎದುರು ಮಾತಾಡಲಿಲ್ಲ. ಗುಳಿಗೆಯನ್ನೂ ಬಿಡಲಿಲ್ಲ. ಮಕ್ಬುಲಸಾಬರ ಗೆಳೆಯ ವಿರುಪಣ್ಣ ಗಂಗಾವತಿಗೆ ಹೋದಾಗ ಮೊಬೈಲಿನ ಜಾಹೀರಾತು ತೋರಿಸಿ ಒಂದು ಡಬ್ಬಿ ತಂದುಕೊಟ್ಟ. ಆಂಟಿಆಕ್ಸಿಡೆಂಟ್ ಪುಡಿಯಂತೆ. ಡಬ್ಬಿಯ ಮೇಲೆ ದಾಳಿಂಬೆ, ನೆಲ್ಲಿಕಾಯಿ, ಹಲ್ಲು ತೋರಿಸಿ ನಗುವ ಹುಡುಗ. ಇದನ್ನು ಕುಡಿಸಿದರೆ ಗುಳಿಗೆಯ ಗೊಡವೆಯೇ ಬೇಡ ಎಂದು ವಿರುಪಣ್ಣ ವೈದ್ಯನಾದ. ಶಾಯಿಸ್ತಾ ಡಬ್ಬಿಯನ್ನು ತೆರೆಯದೆ ಗೋಡೆಯ ಮಾಡದಲ್ಲಿಟ್ಟಳು.

ಕಳೆದ ಬೇಸಗೆಯಲ್ಲಿ ದವಾಖಾನೆಯ ಕಾಗದ ಬೇರೆಯೇ ಸುದ್ದಿ ತಂದಿತು. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಎಂದು ತೋರಿಸುವ ಫೆರಿಟಿನ್ ಎಂಬ ಪರೀಕ್ಷೆ ಇದೆ. ಅದು ಸಾವಿರದೊಳಗೆ ಇರಲಿ ಎಂದು ವೈದ್ಯರು ಬಯಸಿದ್ದರು. ಬಂದದ್ದು ನಾಲ್ಕು ಸಾವಿರದ ಎಂಟುನೂರು. ಹುಡುಗಿಯ ಮೈಬಣ್ಣ ಮಸಿಯ ಕಡೆಗೆ ತಿರುಗಿತ್ತು. ಎರಡು ವರ್ಷದಿಂದ ಅದೇ ಲಂಗ ಹಿಡಿಸುತ್ತಿತ್ತು. ವೈದ್ಯರು ಹೊಟ್ಟೆ ಮುಟ್ಟಿ ನೋಡಿದರು. ಲಿವರ್ ದಪ್ಪಗಾಗಿದೆ, ಹೃದಯ ಇನ್ನೂ ತಡೆದುಕೊಂಡಿದೆ ಎಂದರು. ಗುಳಿಗೆ ತಪ್ಪದೆ ಕೊಡುತ್ತೀಯಾ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದಳು ಶಾಯಿಸ್ತಾ. ವೈದ್ಯರು ಕಾಗದ ನೋಡಿದರು, ಅವಳನ್ನು ನೋಡಿದರು. ಪಕ್ಕದ ಮಂಚಗಳ ತಾಯಂದಿರೂ ನೋಡಿದರು. ಮೂರು ತಿಂಗಳು ನೋಡೋಣ, ಇಳಿಯದಿದ್ದರೆ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ ಯಂತ್ರದಿಂದ ದಿನಾ ತಾಸುಗಟ್ಟಲೆ ಔಷಧ ಬಿಡಬೇಕಾಗುತ್ತದೆ ಎಂದರು. ಹೃದಯಕ್ಕೆ ಕಬ್ಬಿಣ ಹತ್ತಿದರೆ ಬರೀ ರಕ್ತ ಏರಿಸಿ ಮಗುವನ್ನು ಉಳಿಸಿಕೊಳ್ಳಲಾಗದು ಎಂಬ ಮಾತನ್ನು ದನಿ ತಗ್ಗಿಸಿ ಹೇಳಿದರು.

ಮನೆಗೆ ಬಂದರೆ ವಾಹೀದನೂ ಹೆಂಡತಿಯ ಮೇಲೆಯೇ ಅನುಮಾನಪಟ್ಟ. ಎಲ್ಲೋ ಮರೆಯುತ್ತಿರಬೇಕು ಎಂದ. ಮಕ್ಬುಲಸಾಬರು ರಕ್ತ ಪರೀಕ್ಷೆಯ ಯಂತ್ರವೇ ಕೆಟ್ಟಿದೆ ಎಂದರು. ಶಾಯಿಸ್ತಾ ಮರುದಿನ ಅಂಗನವಾಡಿಯ ಹಿಂದೆ ಆಶಾ ಕಾರ್ಯಕರ್ತೆ ಕವಿತಾಳ ಮುಂದೆ ಅತ್ತಳು.

"ನಾ ಸುಳ್ಳು ಹೇಳತೀನಿ ಅಂತ ತಿಳ್ಕೊಂಡ್ರಕ್ಕಾ. ಎಲ್ಲಾರೂ. ನನ್ನ ಕೈಯಾರೆ ಕಲಸಿ ಕೊಟ್ಟೇನಿ. ಕೊಟ್ಟದ್ದು ಎಲ್ಲಿ ಹೋತು ಹಂಗಾದ್ರ?"

ಕವಿತಾ ಡಿಗ್ರಿ ಓದಿದವಳು. ಕೆಲಸದಲ್ಲಿ ಎಷ್ಟು ಚುರುಕೋ ಮಂದಿಯ ದನಿ ತೆಗೆಯುವುದರಲ್ಲೂ ಅಷ್ಟೇ. ಸ್ವಸಹಾಯ ಸಂಘದ ಸಭೆಯಲ್ಲಿ ಕಂಡಕ್ಟರನ ದನಿಯಲ್ಲಿ ಲಸಿಕೆಯ ದಿನಾಂಕ ಹೇಳಿ ನಗಿಸುವವಳು. ಆವತ್ತು ಅವಳಿಗೆ ನಗು ಬರಲಿಲ್ಲ. ಕೊಟ್ಟದ್ದು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡು ಶಾಲೆಯ ಬಳಿ ಹೋಗಿ ಮುಬಾಶಿರಾಳ ಪಕ್ಕ ಕುಳಿತಳು.

ಹುಡುಗಿ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ್ದು ಎಂದು ಅವಳಿಗೆ ಅನ್ನಿಸಿರಲೂ ಇಲ್ಲ. ಗುಳಿಗೆಯ ನೀರು ಕುಡಿದರೆ ಹೊಟ್ಟೆ ತೊಳೆಸುತ್ತಿತ್ತು. ಅಮ್ಮಿ ಲೋಟ ಕೊಟ್ಟು ನಳದ ನೀರಿಗೆ ಹೋಗುತ್ತಿದ್ದಳು. ಇವಳು ಲೋಟ ಹಿಡಿದು ಕುಲುಮೆಗೆ ಬಂದು ಅಜ್ಜನ ಪಕ್ಕ ಮುಖ ಕಿವುಚಿ ಕೂರುತ್ತಿದ್ದಳು. ಒಂದು ದಿನ ಅಜ್ಜನ ಕರುಳು ತಡೆಯಲಿಲ್ಲ. ಲೋಟ ಇಸಿದುಕೊಂಡು, ಕಬ್ಬಿಣ ಅದ್ದುವ ಕಲ್ಲಿನ ಡೋಣಿಗೆ ಸುರುವಿ, ಬದಲಿಗೆ ಒಂದು ಬಟ್ಟಲು ಕಬ್ಬಿಣದ ನೀರು, ಒಂದು ಚೂರು ಬೆಲ್ಲ ಕೊಟ್ಟ. ಅದು ಏಳು ತಿಂಗಳಿನಿಂದ ನಡೆದಿತ್ತು. ದಿನಾ.

ಕವಿತಾ ಅಲ್ಲೇ ಎದ್ದು ಹೋಗಿ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ವಾಹೀದ ಅಪ್ಪನ ಮೇಲೆ ಕೂಗಾಡುತ್ತಾನೆ. ಶಾಯಿಸ್ತಾ ಮಗಳನ್ನು ಕರೆದುಕೊಂಡು ತವರಿಗೆ ನಡೆಯುತ್ತಾಳೆ. ಮುದುಕ ತಪ್ಪೊಪ್ಪುವ ಬದಲು ಹಟ ಹಿಡಿಯುತ್ತಾನೆ. ಈ ಎಲ್ಲದರ ನಡುವೆ ಮೂರು ತಿಂಗಳು ಕಳೆದುಹೋಗುತ್ತದೆ. ಹುಡುಗಿಗೆ ಉಳಿದಿರುವುದು ಆ ಮೂರು ತಿಂಗಳು. ಮುದುಕನ ಬಾಯಿಂದಲೇ ಸತ್ಯ ಬರಬೇಕು, ಅದೂ ಅವನದೇ ಕಸುಬಿನ ಮಾತಿನಲ್ಲಿ.

ಮುಂಗಾರಿಗೆ ಮುಂಚಿನ ದಿನಗಳು. ವಿರುಪಣ್ಣ ಕುಂಟೆಯ ಕುಡ ಹದ ಮಾಡಿಸಲು ಬಂದು ಕುಲುಮೆಯ ಕಟ್ಟೆಯ ಮೇಲೆ ಕುಳಿತಿದ್ದ. ಕವಿತಾ ಬಂದು ಅವನ ಪಕ್ಕ ಕುಳಿತು ಬಿಸಿಲಿನ ಸುದ್ದಿ ತೆಗೆದಳು, ಮಳೆಯ ಸುದ್ದಿ ತೆಗೆದಳು, ಆಮೇಲೆ ಹನುಮಸಾಗರದ ಒಬ್ಬ ಮುದುಕನ ಸುದ್ದಿ ತೆಗೆದಳು.

ಆ ಮುದುಕನ ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆಯಂತೆ. ತಿಂಗಳಿಗೊಂದು ಚೀಲ ಹಳೆಯ ಕಬ್ಬಿಣ ತಂದು ಅದರಲ್ಲಿ ಸುರಿಯುತ್ತಾರಂತೆ. ಮೊಳೆ, ಕೀಲು, ಮುರಿದ ಕುಡ. ಒಳಗೆ ಹೋಗುವುದು ಇದೆ, ಹೊರಗೆ ಬರುವುದಿಲ್ಲ. ಸೊಸೆ ಬುದ್ಧಿವಂತೆ. ದಿನಕ್ಕಿಷ್ಟು ಕಬ್ಬಿಣ ಹೊರಗೆ ಸಾಗಿಸಲಿ ಎಂದು ಒಬ್ಬ ಗುಜರಿಯವನನ್ನು ಗೊತ್ತು ಮಾಡಿದ್ದಾಳೆ. ಅವನು ಮುಂಜಾನೆ ಬಾಗಿಲಿಗೆ ಬಂದರೆ ಸಾಕು, ಮುದುಕ ಅವನನ್ನು ಹಿಂದಕ್ಕೆ ಕಳಿಸುತ್ತಾನೆ. ಇಲ್ಲಿ ಕವಿತಾ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮುದುಕನ ದನಿ ತೆಗೆದಳು. ನಿಧಾನ ಮಾತು, ಪ್ರತಿ ಮಾತಿನ ಕೊನೆಗೆ ಸುತ್ತಿಗೆ ಬಿದ್ದಂತೆ ಒಂದು ಹ್ಞಾಂ.

"'ನಡಿ, ನಡಿ. ಕಬ್ಬಿಣ ಅಂದ್ರ ಬರಕತ್ತು, ಹ್ಞಾಂ. ಮನ್ಯಾಗ ಕಬ್ಬಿಣ ಇದ್ರ ಮನಿ ಗಟ್ಟಿ, ಹ್ಞಾಂ. ಸೊಸಿಗೆ ಹೇಳಬ್ಯಾಡ.' ಹಿಂಗಂತಾನ್ರಿ ಕಾಕಾ. ಅಂದು, ತಾನೂ ಒಂದು ಮೊಳಿ ಅದರಾಗ ಒಗಿತಾನ."

ವಿರುಪಣ್ಣ ಟವೆಲು ಬಾಯಿಗೆ ಒತ್ತಿಕೊಂಡು ರಸ್ತೆಯ ಕಡೆಗೆ ತಿರುಗಿದ. ತನ್ನ ದನಿ ಹೇಗಿದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ, ತನಗೊಬ್ಬನಿಗೆ ಗೊತ್ತಿರುವುದಿಲ್ಲ. ಮಕ್ಬುಲಸಾಬರು ತಿದಿ ಒತ್ತುತ್ತಲೇ ತಲೆಯಾಡಿಸಿದರು.

"ಭಾಳ ಶ್ಯಾಣ್ಯಾ ಅದಾನ. ಕಬ್ಬಿಣದ ಗುಣಾನ ಗೊತ್ತಿಲ್ಲ ಅಂವಗ. ನೋಡವ್ವಾ, ದುಡಿಯೂ ಕಬ್ಬಿಣಕ್ಕ ತುಕ್ಕ ಹತ್ತೂದಿಲ್ಲ. ಹೊಲದಾಗಿನ ಕುಡ ನೋಡು, ಕನ್ನಡಿ ಇದ್ದಂಗ ಇರತೈತಿ. ಅದನ್ನ ಒಂದು ಮಳಿಗಾಲ ಮೂಲ್ಯಾಗ ಇಡು. ಕೆಲಸಿಲ್ಲದ ಕಬ್ಬಿಣ ತನ್ನನ್ನ ತಾ ತಿಂತೈತಿ. ಅಷ್ಟಕ್ಕ ಬಿಡೂದಿಲ್ಲ, ಇಟ್ಟ ಪೆಟಿಗಿನ್ನೂ ತಿಂತೈತಿ, ಹ್ಞಾಂ."

ಎಣ್ಣೆ ಸವರಿದರೆ ನಿಲ್ಲುವುದಿಲ್ಲವೇ ಎಂದು ಕವಿತಾ ಕೇಳಿದಳು. ನಾಲ್ಕು ತುಂಡಿಗಾದರೆ ಎಣ್ಣೆ ಸಾಕು, ತಿಂಗಳಿಗೊಂದು ಚೀಲ ಬೀಳುವ ಕಡೆ ಗಾಣದ ಎಣ್ಣೆಯೂ ಸಾಲದು ಎಂದರು ಮಕ್ಬುಲಸಾಬರು. ವಿರುಪಣ್ಣನಿಗೆ ಸುಮ್ಮನಿರಲು ಆಗಲಿಲ್ಲ.

"ಮ್ಯಾಲೆ ಛಲೋ ದುಬಾರಿ ಬಣ್ಣಾ ಬಳದ್ರ, ಮಕ್ಬುಲಣ್ಣಾ?"

"ನೀ ಒಬ್ಬ ಅದೀಯಲ್ಲ. ತುಕ್ಕಿನ ಮ್ಯಾಲೆ ಬಣ್ಣಾ ಬಳದ್ರ ನೋಡಾಕ ಚಂದ, ಒಳಗೊಳಗ ತೂತು ಬಿದ್ದಿರತೈತಿ. ಮೊದಲ ಹೆಚ್ಚಾದ ಕಬ್ಬಿಣ ಹೊರಗ ಹಾಕಬೇಕು. ಆಮ್ಯಾಲೆ ಎಣ್ಣಿ." ಅವರು ಕಾದ ಕುಡವನ್ನು ಇಕ್ಕಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟರು. "ಆ ಗುಜರಿಯವ್ನ ಸಲುವಾಗಿನ ಆ ಪೆಟಿಗಿ ಉಳದೀತು. ಅಂವನ್ನ ಹೊಳ್ಳಿ ಕಳಿಸ್ತಾನಲ್ಲ, ಆ ಮುದುಕನ್ನ ಕರ್ಕೊಂಡ ಬಾ ಇಲ್ಲಿಗೆ. ಅಡಿಗಲ್ಲಿನ ಮುಂದ ಕುಂದ್ರಿಸಿ ಬುದ್ಧಿ ಹೇಳತೀನಿ."

"ಬಂದಾನ್ರಿ ಕಾಕಾ," ಎಂದಳು ಕವಿತಾ, ಈಗ ತನ್ನದೇ ದನಿಯಲ್ಲಿ. "ಅಡಿಗಲ್ಲಿನ ಮುಂದನ ಕುಂತಾನ."

ಸುತ್ತಿಗೆ ಮೇಲೆ ಹೋದದ್ದು ಕೆಳಗೆ ಬರಲಿಲ್ಲ.

"ಆ ಪೆಟಿಗಿ ಮುಬಾಶಿರಾನ ಲಿವರ್ ರೀ. ಗುಜರಿಯವ ಅಂದ್ರ ಗುಳಿಗಿ."

ಕೆಂಪಗಿದ್ದ ಕುಡ ಅಡಿಗಲ್ಲಿನ ಮೇಲೆ ಹಾಗೇ ಕಪ್ಪಾಯಿತು. ವಿರುಪಣ್ಣ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. ಅವನ ನಗುವೂ ಆರಿತ್ತು. ಕವಿತಾ ಎದ್ದು ಮುದುಕನ ಹತ್ತಿರ ಹೋಗಿ ನೆಲದ ಮೇಲೆ ಕುಳಿತಳು, ಸಣ್ಣ ದನಿಯಲ್ಲಿ ಹೇಳಿದಳು.

"ನಮ್ಮ ನಿಮ್ಮ ರಕ್ತದಾಗೂ ಕಬ್ಬಿಣ ಐತ್ರಿ. ಅದು ದುಡೀತೈತಿ, ಉಸರು ಹೊತ್ತುಕೊಂಡು ತಿರಗತೈತಿ. ಈ ಕೂಸಿಗೆ ಮಂದಿ ರಕ್ತ ಹಾಕಸ್ತೀವಿ. ಆ ರಕ್ತ ಹಳೇದಾಗಿ ಒಡದು ಹೋಗತೈತಿ, ಅದರಾಗಿನ ಕಬ್ಬಿಣ ಮೈಯಾಗನ ಉಳೀತೈತಿ. ಅಷ್ಟು ಕಬ್ಬಿಣ ತಾನಾಗಿ ಹೊರಗ ಹೋಗಾಕ ಮನಷ್ಯಾನ ಮೈಯಾಗ ದಾರಿ ಇಲ್ರಿ. ಮೂರು ವಾರಕ್ಕೊಂದು ಚೀಲ. ಈಗ ನೀವ ಹೇಳ್ರಿ, ಏನ್ ಮಾಡೂಣು?"

ಓದುವವರೇ, ಒಂದು ನಿಮಿಷ ಕುಲುಮೆಯಿಂದ ಹೊರಗೆ ಬನ್ನಿ. ಮಕ್ಬುಲಸಾಬರು ಹೇಳಿದ ತುಕ್ಕಿಗೂ ಮೈಯೊಳಗೆ ನಡೆಯುವುದಕ್ಕೂ ನಂಟಿದೆ. ಉಸಿರಿನ ಗಾಳಿಯಿಂದಲೇ ಮೈಯಲ್ಲಿ ಪ್ರತಿ ಕ್ಷಣ ಒಂದಿಷ್ಟು ಪುಂಡ ಕಣಗಳು ಹುಟ್ಟುತ್ತವೆ, ಸಿಕ್ಕಿದ್ದನ್ನು ಕಚ್ಚುತ್ತವೆ. ಅವನ್ನು ತಣ್ಣಗೆ ಮಾಡುವ ಎಣ್ಣೆಯನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ. ತರಕಾರಿ, ಹಣ್ಣು, ಶೇಂಗಾ, ಕಾಳಿನಿಂದಲೂ ಅದು ಬರುತ್ತದೆ. ಅದಕ್ಕೇ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಉತ್ಕರ್ಷಣ ನಿರೋಧಕ ಎಂದಿದೆ, ಹೇಳಲು ಹೋದರೆ ನಾಲಗೆಗೇ ತುಕ್ಕು ಹಿಡಿಯುತ್ತದೆ. ಗಟ್ಟಿ ಮಗುವಿನಲ್ಲಿ ಪುಂಡರೂ ಎಣ್ಣೆಯೂ ಸರಿಸಮ. ಬಹುಕಾಲದ ಕಾಯಿಲೆ ಇದ್ದ ಮಗುವಿನಲ್ಲಿ ಆ ತೂಕ ತಪ್ಪುತ್ತದೆ. ಥಲಸ್ಸೀಮಿಯಾದಲ್ಲಿ ಹೆಚ್ಚಾದ ಕಬ್ಬಿಣವೇ ಪುಂಡರನ್ನು ಹೆರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಏರಿದ ಸಕ್ಕರೆ, ಉಬ್ಬಸದಲ್ಲಿ ಶ್ವಾಸನಾಳದ ಉರಿ, ಕಿಡ್ನಿಯ ರೋಗದಲ್ಲಿ ಸೋಸದೆ ಉಳಿದ ಕೊಳೆ ಅದೇ ಕೆಲಸ ಮಾಡುತ್ತವೆ. ಎಣ್ಣೆ ಖರ್ಚಾಗುತ್ತಾ ಹೋಗುತ್ತದೆ, ಒಳಗಿನ ಅಂಗಗಳು ಸದ್ದಿಲ್ಲದೆ ಸವೆಯುತ್ತವೆ. ಮಗು ನಗುತ್ತಲೇ ಇರುತ್ತದೆ, ನಮಗೆ ಗೊತ್ತಾಗುವುದಿಲ್ಲ.

ಮಕ್ಬುಲಸಾಬರು ಡೋಣಿಯ ನೀರಿನ ಕಡೆ ತಿರುಗಿದರು. ಏಳು ತಿಂಗಳ ಔಷಧ ಅದರಲ್ಲಿತ್ತು.

"ನನ್ನ ನೀರು ಕುಡದ ಕೂಸಿಗೆ ಹಿಂಗಾತೇನವ್ವಾ?" ಎಂದು ಕೇಳಿದರು.

ಕವಿತಾ ಸುಳ್ಳು ಸಮಾಧಾನ ಹೇಳಲಿಲ್ಲ. ಆ ನೀರಿನಲ್ಲಿ ಕಬ್ಬಿಣ ಎಷ್ಟಿತ್ತೋ ಯಾರೂ ಅಳೆದಿಲ್ಲ ಎಂದಳು. ತುಂಬಿದ ಪೆಟ್ಟಿಗೆಗೆ ಒಂದು ಮೊಳೆಯೂ ಹೆಚ್ಚೇ. ಆದರೆ ದೊಡ್ಡ ಕೇಡು ನೀರಿನಿಂದಾದದ್ದಲ್ಲ, ಗುಳಿಗೆ ತಪ್ಪಿದ್ದರಿಂದ ಆದದ್ದು. ಹೊಟ್ಟೆ ತೊಳೆಸಿದರೆ ವೈದ್ಯರಿಗೆ ಹೇಳಬೇಕಿತ್ತು, ಅದಕ್ಕೂ ದಾರಿ ಇದೆ. ಬಚ್ಚಿಟ್ಟದ್ದಕ್ಕೆ ಮಾತ್ರ ವೈದ್ಯರ ಹತ್ತಿರವೂ ಔಷಧವಿಲ್ಲ.

ಆ ಸಂಜೆ ಮಕ್ಬುಲಸಾಬರು ಮಗ, ಸೊಸೆ ಇಬ್ಬರನ್ನೂ ಕೂರಿಸಿಕೊಂಡು ತಾವೇ ಹೇಳಿದರು. ಏಳು ತಿಂಗಳನ್ನೂ ಹೇಳಿದರು, ಒಂದು ದಿನವನ್ನೂ ಕಡಿಮೆ ಮಾಡಲಿಲ್ಲ. ವಾಹೀದ ಕೂಗಾಡಲು ಬಾಯಿ ತೆರೆದ. ಶಾಯಿಸ್ತಾ ಕೈ ಸನ್ನೆ ಮಾಡಿ ಅವನನ್ನು ತಡೆದಳು. ಅವಳ ಮಾವ ಅವಳ ಮುಂದೆ ತಲೆ ತಗ್ಗಿಸಿ ಕುಳಿತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ನನ್ನ ಮಾತನ್ನು ಈ ಮನೆಯಲ್ಲಿ ಯಾರೂ ನಂಬಲಿಲ್ಲ ಎಂದಷ್ಟೇ ಅಂದಳು, ಎದ್ದು ಒಳಗೆ ಹೋದಳು. ಹಿಂದಕ್ಕೆ ಕರೆಯುವ ಹಕ್ಕು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮುಂದಿನ ಸಲ ಕೊಪ್ಪಳಕ್ಕೆ ಮಕ್ಬುಲಸಾಬರೂ ಹೋದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಸಾಲು ಮಂಚಗಳ ಮೇಲೆ ಮಕ್ಕಳು ಒಂದು ಕೈ ನೀಡಿ ಮಲಗಿದ್ದರು, ಇನ್ನೊಂದು ಕೈಯಲ್ಲಿ ಆಟದ ಸಾಮಾನು. ಅವರು ಪ್ರತಿ ಮಂಚದ ಬಳಿ ನಿಂತು ನಿಂತು ನಡೆದರು. ವೈದ್ಯರ ಮುಂದೆ ನಿಂತು, ಸೊಸೆ ಹೇಳಿದ್ದು ನಿಜ, ಗುಳಿಗೆ ಚೆಲ್ಲಿದವನು ನಾನು ಎಂದರು. ಪಕ್ಕದ ಮಂಚಗಳ ತಾಯಂದಿರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. ವೈದ್ಯರು ಬೈಯಲಿಲ್ಲ. ಕುರ್ಚಿ ತೋರಿಸಿದರು.

ಹಾಳಾದದ್ದು ಮತ್ತೆ ಸರಿಹೋಗುತ್ತದೆಯೇ ಎಂದು ಕೇಳಿದರು ಮಕ್ಬುಲಸಾಬರು. ಎಲ್ಲವೂ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ ಎಂದರು ವೈದ್ಯರು. ಲಿವರ್ ಸುಧಾರಿಸಬಹುದು, ಹೃದಯ ಕಾಪಾಡಿಕೊಳ್ಳಲು ಇನ್ನೂ ಸಮಯವಿದೆ, ಎತ್ತರ ಎಷ್ಟು ಬೆಳೆಯುತ್ತಾಳೋ ನೋಡಬೇಕು. ಔಷಧದ ಪ್ರಮಾಣ ಸ್ವಲ್ಪ ಇಳಿಸಿ, ಹೊಟ್ಟೆ ಹೊಂದಿಕೊಂಡ ಮೇಲೆ ಮೆಲ್ಲಗೆ ಏರಿಸುತ್ತೇನೆ, ಆಗಾಗ ಕಿಡ್ನಿ ಲಿವರ್ ಪರೀಕ್ಷೆ ಮಾಡಿಸಿ ಎಂದರು. ಶಾಯಿಸ್ತಾ ಚೀಲದಿಂದ ವಿರುಪಣ್ಣನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ವೈದ್ಯರು ಅದರ ಹಿಂಬದಿಯ ಸಣ್ಣ ಅಕ್ಷರ ಓದಿ ತೋರಿಸಿದರು. ಅದರಲ್ಲಿ ಕಬ್ಬಿಣವೂ ಸೇರಿತ್ತು. ಕೆಲವು ಮಕ್ಕಳಿಗೆ ವಿಟಮಿನ್ ಬೇಕಾಗುತ್ತದೆ, ಯಾವುದು, ಎಷ್ಟು ಎಂದು ರಕ್ತ ನೋಡಿ ಹೇಳಬೇಕು ಎಂದರು. ಕಬ್ಬಿಣ ತುಂಬಿದ ಮೈಗೆ ಮನಸ್ಸಿಗೆ ಬಂದಷ್ಟು ವಿಟಮಿನ್ ಸಿ ಕೊಟ್ಟರೆ ಹೃದಯಕ್ಕೇ ಅಪಾಯವಾಗಬಹುದು ಎಂದೂ ಎಚ್ಚರಿಸಿದರು.

ಈಗ ಮುಂಜಾನೆ ಕುಲುಮೆಗೆ ಬೆಂಕಿ ಬೀಳುವುದು ಅರ್ಧ ತಾಸು ತಡ. ಮುಬಾಶಿರಾ ಲೋಟ ಖಾಲಿ ಮಾಡುವ ತನಕ ಅಜ್ಜ ಎದುರಿಗೆ ಕೂರುತ್ತಾರೆ. ತಳದಲ್ಲಿ ಉಳಿದದ್ದಕ್ಕೆ ಒಂದು ಗುಟುಕು ನೀರು ಹಾಕಿ ಅದನ್ನೂ ಕುಡಿಸುತ್ತಾರೆ. ಮೂರು ತಿಂಗಳಿಗೆ ಸೂಜಿಯ ಮಾತು ಬರಲಿಲ್ಲ. ಆರು ತಿಂಗಳಿಗೆ ನಾಲ್ಕು ಸಾವಿರದ ಎಂಟುನೂರು ಇದ್ದದ್ದು ಮೂರು ಸಾವಿರದ ನೂರಕ್ಕೆ ಇಳಿದಿತ್ತು. ಇನ್ನೂ ದೂರ ಹೋಗಬೇಕಿದೆ. ಆದರೆ ಹೃದಯದ ಪರೀಕ್ಷೆ ಚೆನ್ನಾಗಿ ಬಂದಿತು. ಆ ಕಾಗದವನ್ನು ವಾಹೀದ ಹೆಂಡತಿಯ ಕೈಗೆ ಕೊಟ್ಟು, ನೀನೇ ಓದು ಎಂದ.

ಕಬ್ಬಿಣದ ನೀರು ಕೇಳಿಕೊಂಡು ಈಗಲೂ ಜನ ಬರುತ್ತಾರೆ. ಮಕ್ಬುಲಸಾಬರು ಯಾರನ್ನೂ ಬೈದು ಕಳಿಸುವುದಿಲ್ಲ. ಕೂರಿಸಿ, ಹನುಮಸಾಗರದ ಮುದುಕನ ಕಥೆ ಹೇಳಿ, ಕವಿತಾಳ ಫೋನ್ ನಂಬರು ಬರೆದ ಚೀಟಿ ಕೊಡುತ್ತಾರೆ. ಮಗು ಬಿಳಿಚಿಕೊಳ್ಳಲು ನೂರು ಕಾರಣ. ಊಟ ಸಾಲದಿರಬಹುದು, ಹೊಟ್ಟೆಯಲ್ಲಿ ಹುಳ ಇರಬಹುದು, ಥಲಸ್ಸೀಮಿಯಾ ಇರಬಹುದು. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ರಕ್ತ ಪರೀಕ್ಷೆ ಮಾತ್ರ ಅದನ್ನು ಹೇಳಬಲ್ಲದು, ಕುಲುಮೆ ಹೇಳಲಾರದು.

ಓದಿದ ತಾಯಂದಿರೇ, ಕೇಳಿದ ಅಜ್ಜಂದಿರೇ, ನಿಮ್ಮ ಮನೆಯಲ್ಲಿ ಬಹುಕಾಲದ ಕಾಯಿಲೆಯ ಮಗು ಇದ್ದರೆ ಅದರ ಔಷಧವನ್ನು ಒಂದು ದಿನವೂ ತಪ್ಪಿಸಬೇಡಿ. ಒಗ್ಗದಿದ್ದರೆ ಚೆಲ್ಲಬೇಡಿ, ಹೋಗಿ ಕೇಳಿ. ರಕ್ತ ಏರಿಸಿಕೊಳ್ಳುವ ಮಗುವಿಗೆ ಕಬ್ಬಿಣದ ಟಾನಿಕ್ಕು ಬೇಡ. ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ ಬೇರೆ ಮಕ್ಕಳಿಗೆ ಒಳ್ಳೆಯದು, ಈ ಮಗುವಿಗಲ್ಲ ಎಂದು ಗುರುಗಳಿಗೆ ಮೊದಲೇ ತಿಳಿಸಿ. ಡಬ್ಬಿಯ ಮೇಲಿನ ಚಿತ್ರ ನಂಬಿ ಪುಡಿ ಕುಡಿಸಬೇಡಿ. ಮನೆಯ ರೊಟ್ಟಿ, ಕಾಳು, ಪಲ್ಯ, ಸಿಕ್ಕುವ ಹಣ್ಣು ಕೊಡಿ. ಮಗುವಿನ ಹತ್ತಿರ ಬೀಡಿ ಸಿಗರೇಟಿನ ಹೊಗೆ ಬಿಡಬೇಡಿ, ಅದೂ ತುಕ್ಕೇ. ಮದುವೆಗೆ ಮುಂಚೆ, ತಪ್ಪಿದರೆ ಬಸುರಿಯಾದ ಮೊದಲ ತಿಂಗಳುಗಳಲ್ಲೇ, ಗಂಡ ಹೆಂಡತಿ ಇಬ್ಬರೂ ಥಲಸ್ಸೀಮಿಯಾ ಪರೀಕ್ಷೆ ಮಾಡಿಸಿ. ಗೊತ್ತಿಲ್ಲದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮೊನ್ನೆ ಗುರುವಾರ ಬಿಳಿಚಿದ ಮೊಮ್ಮಗನನ್ನು ಕರೆದುಕೊಂಡು ಹುಚ್ಚೀರಪ್ಪ ಎಂಬ ಹಿರಿಯರು ಬಂದಿದ್ದರು. ಮಕ್ಬುಲಸಾಬರು ವಾಡಿಕೆಯಂತೆ ಕಥೆ ಶುರು ಮಾಡಿದರು. ಹುಚ್ಚೀರಪ್ಪನವರ ಮುಖ ಬಿಗಿಯುತ್ತಾ ಹೋಯಿತು. ಕೊನೆಗೆ ತಡೆಯದೆ ಕೇಳಿಯೇಬಿಟ್ಟರು.

"ನಾನೂ ಹನುಮಸಾಗರದಾಂವನ ಅದೀನ್ರಿ ಸಾಬರ. ಹುಟ್ಟಿ ಬೆಳದಾಂವ. ಅಂಥಾ ಹುಚ್ಚ ಮುದುಕ ನಮ್ಮೂರಾಗ ಯಾವ ಓಣ್ಯಾಗ ಅದಾನ, ಹೆಸರ ಹೇಳ್ರಿ ನೋಡೂಣು."

ಕಟ್ಟೆಯ ಮೇಲಿದ್ದ ವಿರುಪಣ್ಣ ಬೇವಿನ ಎಲೆ ಎಣಿಸತೊಡಗಿದ. ಪಕ್ಕದಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದ ಕವಿತಾ ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದಳು. ಮಕ್ಬುಲಸಾಬರು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಹೆಸರ ಮಕ್ಬುಲಸಾಬ, ಹ್ಞಾಂ. ನಿಮ್ಮೂರಿಗೆ ಅಂವನ್ನ ಕಳಿಸಿದಾಕಿ ಈ ಕವಿತವ್ವ."

ಹುಚ್ಚೀರಪ್ಪನವರು ಮೊದಲು ನಕ್ಕರು, ಆಮೇಲೆ ವಿರುಪಣ್ಣ, ಆಮೇಲೆ ಕವಿತಾ. ಆದರೆ ರಸ್ತೆಯಾಚೆ ನಿಂತ ಬಸ್ಸಿನೊಳಗಿದ್ದವರು ಕಿಟಕಿಯಿಂದ ತಲೆ ಹಾಕಿ ನೋಡಿದ್ದು ಮಕ್ಬುಲಸಾಬರ ನಗೆ ಕೇಳಿ.